ಕುಣಿದವರು ಅವರು, ದುಡ್ಡು ತೆತ್ತವರು ನಾವು

ಭಾರತವನ್ನು ಆಳಿ ಬ್ರಿಟಿಷರು ಕೈಸುಟ್ಟುಕೊಂಡರಂತೆ. ಹೀಗೆ ಹೇಳುವವರು ಇವತ್ತಿಗೂ ಸಿಗುತ್ತಾರೆ. ಪಾಪ, ಬಿಲ್ಲು ಯಾರ ಹೆಸರಿನಲ್ಲಿತ್ತೆಂದು ನೋಡಿದವರಲ್ಲ.

1867ರ ಜುಲೈನಲ್ಲಿ ತುರ್ಕಿಯ ಸುಲ್ತಾನ ಅಬ್ದುಲ್ ಅಜೀಜ್ ಲಂಡನ್ನಿಗೆ ಬಂದ. ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ಹೊಸ ಕಟ್ಟಡದಲ್ಲಿ ಅವನಿಗೆ ಭರ್ಜರಿ ನೃತ್ಯಕೂಟ. ಕರೆದವರು ಇಂಗ್ಲಿಷರು, ಕುಣಿದವರೂ ಇಂಗ್ಲಿಷರೇ. ಖರ್ಚು ಬಿದ್ದದ್ದು ಭಾರತದ ಖಜಾನೆಗೆ. ಕಟ್ಟಡಕ್ಕೆ ಸುರಿದದ್ದೂ ಅದೇ ಖಜಾನೆಯ ಹಣ. ಹಿಂದಿನ ವರ್ಷವಷ್ಟೇ ಒಡಿಶಾದ ಕ್ಷಾಮದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತಿದ್ದರು. ಸುಲ್ತಾನನಿಗೆ ಅದನ್ನು ಯಾರೂ ಹೇಳಿರಲಿಕ್ಕಿಲ್ಲ. ಊಟದ ಹೊತ್ತಿನಲ್ಲಿ ಅಂಥ ಮಾತು ಚೆನ್ನಾಗಿರುವುದಿಲ್ಲ.

ಈ ವ್ಯವಸ್ಥೆಗೆ 'ಹೋಮ್ ಚಾರ್ಜಸ್' ಎಂಬ ಸಭ್ಯ ಹೆಸರು. ಲಂಡನ್ನಿನಲ್ಲಿ ಕೂತ ಭಾರತ ಮಂತ್ರಿಯ ಸಂಬಳದಿಂದ ಹಿಡಿದು ಅವನ ಕಚೇರಿಯ ಕಸ ಗುಡಿಸುವ ಹೆಂಗಸರ ಕೂಲಿಯವರೆಗೆ ಎಲ್ಲ ನಮ್ಮ ತಲೆಗೆ. 1857ರಲ್ಲಿ ನಮ್ಮನ್ನು ಬಡಿದ ಖರ್ಚನ್ನೂ ನಮ್ಮಿಂದಲೇ ವಸೂಲು ಮಾಡಿದರು. ಲಂಡನ್ ಬಳಿಯ ಈಲಿಂಗ್‌ನ ಹುಚ್ಚಾಸ್ಪತ್ರೆಯೂ ಇದೇ ಲೆಕ್ಕದಲ್ಲಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಕಥೆ ಇನ್ನೂ ಸೊಗಸು. ಷೇರುದಾರರಿಗೆ ಭಾರತದ ಕಂದಾಯದಿಂದಲೇ ನೂರಕ್ಕೆ ಹತ್ತೂವರೆ ಲಾಭಾಂಶ ಎಂದು 1833ರ ಕಾಯ್ದೆ ಗಟ್ಟಿಮಾಡಿತ್ತು. 1858ರಲ್ಲಿ ಕಂಪನಿಯ ಆಳ್ವಿಕೆ ಮುಗಿಯಿತು, ಲಾಭಾಂಶ ಮುಗಿಯಲಿಲ್ಲ. 1874ರಲ್ಲಿ ನೂರು ಪೌಂಡಿನ ಷೇರಿಗೆ ಇನ್ನೂರು ಕೊಟ್ಟು ಬಿಡಿಸಿಕೊಂಡರು. ನಮ್ಮನ್ನು ಮಾರಿದ್ದು ಕಂಪನಿ, ಕೊಂಡದ್ದು ರಾಣಿ. ಕ್ರಯ ಕೊಟ್ಟವರು ಯಾರು ಎಂದು ಮತ್ತೆ ಹೇಳಬೇಕೆ?

ಮೈಸೂರನ್ನೂ ಬಿಡಲಿಲ್ಲ. ಬ್ರಿಟಿಷ್ ಸೈನ್ಯ ನಮ್ಮನ್ನು ಕಾಯಲಿಕ್ಕೆಂದು 1799ರಿಂದ ವರ್ಷಕ್ಕೆ 7 ಲಕ್ಷ ವರಹ ಪೊಗದಿ, ಅಂದರೆ 24.5 ಲಕ್ಷ ರೂಪಾಯಿ. ಯಾರಿಂದ ಕಾಯಲು? ಟಿಪ್ಪುವನ್ನು ಅವರೇ ಮುಗಿಸಿಯಾಗಿತ್ತು. 1831ರಲ್ಲಿ ರಾಜ್ಯವನ್ನೇ ಕಿತ್ತುಕೊಂಡರು. 50 ವರ್ಷ ಕಳೆದು, ಮಹಾಕ್ಷಾಮದಲ್ಲಿ ಸೊರಗಿದ ನಾಡನ್ನು ಹಿಂದಿರುಗಿಸುವಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಹಾಕಿದರು. ಹೆಚ್ಚುವರಿ ಹಣವನ್ನು ಕೆಲವು ವರ್ಷ ತಡೆದು ವಸೂಲು ಮಾಡಿದ್ದೇ ಮಹದುಪಕಾರ!

'ರೈಲು ಕೊಟ್ಟರಲ್ಲ' ಅನ್ನುತ್ತೀರಿ. ಕೊಟ್ಟರು. ನಷ್ಟವಾದರೂ ನೂರಕ್ಕೆ ಐದು ಖಾತ್ರಿ ಎಂದು ಬರೆಸಿಕೊಂಡೇ ಬಂಡವಾಳ ಹಾಕಿದರು. ಕೊರತೆ ತುಂಬಿದವನು ರೈಲಿನ ಮುಖವನ್ನೇ ನೋಡದ ರೈತ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಲೆಕ್ಕ ತಿರುಗಿಬಿತ್ತು. ಬ್ರಿಟನ್ನೇ ಭಾರತಕ್ಕೆ 100 ಕೋಟಿ ಪೌಂಡಿಗೂ ಮಿಕ್ಕಿ ಬಾಕಿ. ಆಗ ಚರ್ಚಿಲ್ ಸಾಹೇಬರಿಗೆ ಹೊಳೆದ ಉಪಾಯ: ಜಪಾನಿಯರಿಂದ ನಿಮ್ಮನ್ನು ಕಾಪಾಡಿದ್ದೇವಲ್ಲ, ಆ ಖರ್ಚನ್ನು ಇದರಲ್ಲಿ ವಜಾ ಮಾಡಿಕೊಳ್ಳಿ.