ಮಾಸಾಶನದಾರರ ಮನೆ: ಬಳಕೆಯ ಕೈಪಿಡಿ

ಅಭಿನಂದನೆಗಳು! ನೀವು ವೈಕಲ್ಯದ ಗುರುತಿನ ಯುಡಿಐಡಿ ಕಾರ್ಡುಳ್ಳ, ಸರ್ಕಾರದ ಮಾಸಾಶನ ಪಡೆಯುವ, ಕರ್ನಾಟಕದ ವಿಕಲಚೇತನ ನಾಗರಿಕರು. ಮನೆ ಹುಡುಕಲು ಹೊರಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ.

ಪೆಟ್ಟಿಗೆಯೊಳಗೆ ಏನಿದೆ

ಕಾರ್ಡು ಒಂದು. ವೈಕಲ್ಯ ಶೇ. 40ರಿಂದ 75ರೊಳಗಿದ್ದರೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲಿದ್ದರೆ 1,400. ಜೊತೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಸೆಕ್ಷನ್: ವಸತಿ ಯೋಜನೆಗಳಲ್ಲಿ ಶೇ. 5 ಮೀಸಲು, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ಮನೆಯನ್ನು ಪ್ರತ್ಯೇಕವಾಗಿ ಹೊಂದಿಸಿಕೊಳ್ಳತಕ್ಕದ್ದು.

ವಿಧಾನ 1: ಬಾಡಿಗೆ ಮನೆ

(ಅ) ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ವಾಡಿಕೆ. 6,000 ಬಾಡಿಗೆಯ ಒಂಟಿ ಕೋಣೆ ಎಂದುಕೊಳ್ಳಿ, ಅಡ್ವಾನ್ಸ್ 60,000. ನಿಮ್ಮ 1,400 ರೂಪಾಯಿಯನ್ನು ಉಣ್ಣದೆ ಉಡದೆ ಕೂಡಿಡಿ. 43ನೇ ತಿಂಗಳಿಗೆ ಅಡ್ವಾನ್ಸ್ ಸಿದ್ಧ. 44ನೇ ತಿಂಗಳ ಬಾಡಿಗೆಯ ಬಗ್ಗೆ ಈ ಕೈಪಿಡಿ ಮೌನ ವಹಿಸುತ್ತದೆ.

(ಆ) ಮಾಲೀಕರು ಮೊದಲು ನಿಮ್ಮನ್ನು ನೋಡುತ್ತಾರೆ, ಆಮೇಲೆ ನಿಮ್ಮ ಹಿಂದೆ ಯಾರಿದ್ದಾರೆಂದು ನೋಡುತ್ತಾರೆ. "ಜೊತೇಲಿ ಯಾರಿರ್ತಾರೆ?" ಎಂಬುದು ಮೊದಲ ಪ್ರಶ್ನೆ. "ಪಾಪ, ನಿಮಗೇ ಕಷ್ಟ ಆಗತ್ತೆ ಕಣ್ರೀ" ಎಂಬುದು ಕೊನೆಯ ಉತ್ತರ. ನಿಮ್ಮ ಕಷ್ಟ ಅವರಿಗೆ ಅಷ್ಟು ಬೇಗ ಅರ್ಥವಾದದ್ದಕ್ಕೆ ಕೃತಜ್ಞತೆ ಸಲ್ಲಿಸಿ, ಮುಂದಿನ ಬೀದಿಗೆ ಹೋಗಿ.

(ಇ) ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸಲು ಮಾಲೀಕರು ಒಪ್ಪಿದರೆಂದೇ ಇಟ್ಟುಕೊಳ್ಳಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬುದು ನಿಯಮ. ರಸ್ತೆಯಿಂದ ಎರಡಡಿ ಮೇಲಿರುವ ಬಾಗಿಲಿಗೆ 24 ಅಡಿ ಬೇಕು. ಇಪ್ಪತ್ತು-ಮೂವತ್ತರ ಸೈಟಿನ ಉದ್ದವೇ 30 ಅಡಿ. ಉಳಿದ ಆರಡಿಯಲ್ಲಿ ಮನೆ ಕಟ್ಟಿಕೊಳ್ಳಿ. ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಸ್ತ್ರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ವಿಧಾನ 2: ಸಮೂಹ ಗೃಹ

ರಾಷ್ಟ್ರೀಯ ನ್ಯಾಸದ 'ಸಮರ್ಥ್-ಕಮ್-ಘರೌಂದಾ' ಯೋಜನೆಯಲ್ಲಿ ವಯಸ್ಕರಿಗೆ ಜೀವನಪೂರ್ತಿ ನೆಲೆಯ ಕಲ್ಪನೆ ಇದೆ. ಅದು ನ್ಯಾಸವನ್ನು ಸ್ಥಾಪಿಸಿದ 1999ರ ಕಾಯ್ದೆ ಹೆಸರಿಸಿದ ನಾಲ್ಕು ಬಗೆಯವರಿಗೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ. ಪೋಲಿಯೊ ಆದವರು ಪುಟ ತಿರುಗಿಸಿ.

ವಿಧಾನ 3: ಸರ್ಕಾರಿ ಮನೆ

(ಅ) ಮೊದಲು ಕಟ್ಟಲು ಜಾಗ ತೋರಿಸಿ. ಆಮೇಲೆ ಗ್ರಾಮಸಭೆಯ ಪಟ್ಟಿಯಲ್ಲಿ ಹೆಸರು ಸೇರಲಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ, ಅದೂ ಕಂತುಗಳಲ್ಲಿ. ಹಂತ ಹಂತಕ್ಕೂ ಜಿಪಿಎಸ್ ಫೋಟೊ.

(ಆ) ಶೇ. 5ರ ಲೆಕ್ಕ ನೀವೇ ಹಾಕಿ. ಪಂಚಾಯಿತಿಗೆ 20 ಮನೆ ಬಂದರೆ ಒಂದು ನಿಮ್ಮವರದು. 12 ಬಂದರೆ 0.6. ಎಂಟಾಣೆ ಮನೆ, ಹತ್ತಾಣೆ ಮನೆ ಕಟ್ಟುವ ವಿದ್ಯೆ ಯಾವ ಎಂಜಿನಿಯರಿಗೂ ಬಾರದ ಕಾರಣ, ಅದನ್ನು ಸೊನ್ನೆಗೆ ಇಳಿಸುವುದೇ ಅನುಕೂಲ.

ವಿಧಾನ 4: ಅಮ್ಮ

ಹೆಚ್ಚು ಬಳಕೆಯಲ್ಲಿರುವ ಮಾದರಿ ಇದೇ. ಅರ್ಜಿ ಬೇಡ, ಅಡ್ವಾನ್ಸ್ ಇಲ್ಲ. ಸ್ನಾನ, ಊಟ, ಆಸ್ಪತ್ರೆ ಎಲ್ಲ ಸೇರಿದೆ. ಯಾವ ಬಜೆಟ್ಟಿನಲ್ಲೂ ಈ ಯೋಜನೆಗೆ ಲೆಕ್ಕಶೀರ್ಷಿಕೆ ಇಲ್ಲದಿದ್ದರೂ ಉಳಿದೆಲ್ಲ ಯೋಜನೆಗಳು ಇದರ ಬಲದ ಮೇಲೇ ನಿಂತಿವೆ. 1,400 ರೂಪಾಯಿ ಸಾಕೆಂದು ನಿಗದಿ ಮಾಡಿದವರು, ಅನ್ನಕ್ಕೂ ಸೂರಿಗೂ ಬೇರೆ ಯಾರೋ ಇದ್ದಾರೆಂದು ನಂಬಿಯೇ ನಿಗದಿ ಮಾಡಿರಬೇಕು.

ಖಾತರಿ: ಅಮ್ಮನ ಆಯಸ್ಸು ಇರುವವರೆಗೆ. ನವೀಕರಣ ಇಲ್ಲ. "ನಮ್ಮ ಕಾಲ ಆದ್ಮೇಲೆ ಇವನನ್ನು ಯಾರು ನೋಡ್ತಾರೆ?" ಎಂಬ ಶಬ್ದ ಆಗಾಗ ಕೇಳಿಸಿದರೆ ಅದು ಯಂತ್ರದ ದೋಷವಲ್ಲ.

ದೋಷ ಮತ್ತು ಪರಿಹಾರ

ದೋಷ: ಅಮ್ಮ ತೀರಿಕೊಂಡರು. ಅಣ್ಣನ ಮನೆಯ ಹಜಾರದ ಮೂಲೆಯಲ್ಲಿ ಮಲಗುತ್ತೇನೆ. ಸರ್ಕಾರಿ ಮನೆಗೆ ಅರ್ಜಿ ಹಾಕಿದರೆ "ನಿಮಗೆ ಪಕ್ಕಾ ಮನೆ ಇದೆಯಲ್ಲ" ಎನ್ನುತ್ತಾರೆ.

ಕಾರಣ: ಯೋಜನೆ ಎಣಿಸುವುದು ಕುಟುಂಬವನ್ನು, ನಿಮ್ಮನ್ನಲ್ಲ. ಅಣ್ಣನ ತಲೆ ಮೇಲೆ ಆರ್‌ಸಿಸಿ ಚಾವಣಿ ಇದ್ದರೆ, ಲೆಕ್ಕದಲ್ಲಿ ಅದು ನಿಮ್ಮದೂ ಹೌದು. ಆಶ್ರಯ ಕೊಟ್ಟವರ ಕರುಣೆಯೇ ನಿಮ್ಮ ಅನರ್ಹತೆ.

ಪರಿಹಾರ: ಗ್ರಾಮಸಭೆಗೆ ಹೋಗಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಕರೆದುಕೊಳ್ಳಿ. ಅವರೂ ವಿಕಲಚೇತನರೇ, ವಿವರಿಸುವ ಕೆಲಸ ಕಡಿಮೆ. "ಶೇ. 5ರಲ್ಲಿ ಯಾರ ಹೆಸರಿದೆ, ಓದಿ" ಎಂದು ಕೇಳಿ. ಹಿಂದಿನ ವರ್ಷಗಳ 0.6ಗಳನ್ನು ಕೂಡಿಸಲು ಹೇಳಿ. ಎರಡು ವರ್ಷಕ್ಕೆ ಒಂದು ಪೂರ್ತಿ ಮನೆ ದಾಟುತ್ತದೆ. ನಿಮ್ಮನ್ನು ಅಣ್ಣನ ಮನೆಯಿಂದ ಬೇರೆಯಾಗಿ ಎಣಿಸಬೇಕೆಂಬ ಬೇಡಿಕೆಯನ್ನು ನಡಾವಳಿಯಲ್ಲಿ ಬರೆಸಿ, ಪ್ರತಿ ಪಡೆಯಿರಿ.

ವಿಶೇಷ ಸೂಚನೆ: ಸಭೆ ಮಹಡಿಯ ಮೇಲಿದ್ದರೆ ನಾಲ್ಕು ಜನ ಬಂದು ನಿಮ್ಮನ್ನು ಎತ್ತಿಕೊಂಡು ಹೋಗುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಸಭೆಯನ್ನು ಕೆಳಗಿಳಿಸಲು ಹೇಳಿ.