ಇವರೂ ಐಸ್‌ಲ್ಯಾಂಡಿನ ನೀರೂ

ನಮ್ಮ ಯಜಮಾನರು ನೀರು ಕಂಡರೆ ಕೈ ಮುಗಿಯುವವರಲ್ಲ, ಲೆಕ್ಕ ಹಾಕುವವರು. ಶರಾವತಿ ಕಣಿವೆಯ ವಿದ್ಯುದಾಗಾರದಿಂದ ನಿವೃತ್ತರಾದ ಮೇಲೂ ಜಲಪಾತವೆಂದರೆ ಅವರಿಗೆ ಸೆಕೆಂಡಿಗೆ ಎಷ್ಟು ಘನ ಮೀಟರ್, ಎಷ್ಟು ಮೀಟರ್ ಇಳಿತ, ಇಷ್ಟೇ. ನಾನೋ, ಅದೇ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಅಡಿಕೆ ತೋಟ ಕೊಟ್ಟವರ ಮೊಮ್ಮಗಳು. ‘ತೋಟವನ್ನೂ ಕರೆಂಟಿಗೆ ಕೊಟ್ಟಾಯ್ತು, ಈಗ ಹುಡುಗಿಯನ್ನೂ ಕೊಟ್ಟರು’ ಎಂದು ನೆಂಟರು ಮದುವೆಯ ಪಂಕ್ತಿಯಲ್ಲೇ ನಕ್ಕಿದ್ದರಂತೆ. ಇಂಥ ನಾವಿಬ್ಬರು ಮಗನ ಒತ್ತಾಯಕ್ಕೆ ಒಂದು ಜೂನ್‌ನಲ್ಲಿ ಐಸ್‌ಲ್ಯಾಂಡಿಗೆ ಹೋದೆವು. ಆಗ ಅಲ್ಲಿ ನಡುರಾತ್ರಿಯಲ್ಲೂ ಬೆಳಕು. ಸಂಧ್ಯಾವಂದನೆಗೆ ಕೂತ ಇವರು ಸಂಧ್ಯೆ ಆಗಲಿ ಎಂದು ಕಾಯುತ್ತಲೇ ನಿದ್ದೆಹೋದರು.

ಮೊದಲ ದಿನವೇ ಜಗಳ. ಬಚ್ಚಲಿನಿಂದ ಕೊಳೆತ ಮೊಟ್ಟೆಯ ನಾತ. ಮಾಂಸ, ಮೊಟ್ಟೆ ಮುಟ್ಟದ ನಮ್ಮಿಬ್ಬರ ನಡುವೆ ಆ ವಾಸನೆಗೆ ಯಾರು ಕಾರಣ ಎಂಬ ಪ್ರಶ್ನೆ ಎದ್ದಿತು. ನಾನು ಇವರನ್ನು ನೋಡಿದೆ, ಇವರು ನನ್ನನ್ನು ನೋಡಿದರು, ಆಮೇಲೆ ಇಬ್ಬರೂ ಸೇರಿ ಊರಿಂದ ತಂದ ಗೊಜ್ಜಿನ ಡಬ್ಬಿಯನ್ನು ಮೂಸಿದೆವು. ಕಾರಣ ಬಿಸಿನೀರ ನಲ್ಲಿ. ಅಲ್ಲಿ ಬಿಸಿನೀರು ಭೂಮಿಯೊಳಗಿಂದ ನೇರ ಮನೆಗೆ ಬರುತ್ತದೆ, ಗಂಧಕದ ವಾಸನೆಯನ್ನೂ ಹೊತ್ತು ತರುತ್ತದೆ. ದೇಶದ ಬಹುಪಾಲು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಇದೇ ಶಾಖ. ಕರೆಂಟೂ ಹೆಚ್ಚುಕಡಿಮೆ ಪೂರ್ತಿ ನದಿಗಳಿಂದ, ಭೂಶಾಖದಿಂದ. ಇದು ತಿಳಿದದ್ದೇ ತಡ, ಇವರಿಗೆ ಆ ನಾತ ಶ್ರೀಗಂಧವಾಯಿತು. “ಕಲ್ಲಿದ್ದಲಿಲ್ಲದ ರಾಜ್ಯ ಕಣೇ, ರಾಮರಾಜ್ಯ!” ಎನ್ನುತ್ತ ದಿನಕ್ಕೆರಡು ಸಲ ಸ್ನಾನ ಮಾಡತೊಡಗಿದರು.

ಸ್ಟ್ರೋಕುರ್ ಎಂಬ ಬಿಸಿನೀರ ಬುಗ್ಗೆ 5–10 ನಿಮಿಷಕ್ಕೊಮ್ಮೆ, ಸಾಮಾನ್ಯವಾಗಿ 20 ಮೀಟರಿನ ತನಕ ಚಿಮ್ಮುತ್ತದೆ. ಸುತ್ತ ನಿಂತವರೆಲ್ಲ “ಓ” ಎಂದು ಕೂಗುವಾಗ ಇವರು ಗಡಿಯಾರ ನೋಡಿ, “ಸಮಯಪಾಲನೆ ಇಲ್ಲ” ಎಂದರು.

ಥಿಂಗ್ವೆಲ್ಲಿರ್‌ನ ಸಂಗತಿಯೇ ಬೇರೆ. ಕ್ರಿ.ಶ. 930ರಲ್ಲಿ ಐಸ್‌ಲ್ಯಾಂಡಿನವರು ಬಯಲಲ್ಲೇ ತಮ್ಮ ಸಂಸತ್ತು ಕೂಡಿಸಿದ ಜಾಗ ಅದು. ಉತ್ತರ ಅಮೆರಿಕ, ಯುರೇಷ್ಯಾಗಳ ಭೂಫಲಕಗಳು ಅಲ್ಲಿ ಒಂದರಿಂದೊಂದು ದೂರ ಸರಿಯುತ್ತಿವೆ, ವರ್ಷಕ್ಕೆ ಸುಮಾರು 2 ಸೆಂಟಿಮೀಟರ್. ನಮ್ಮ ಮದುವೆಯಿಂದೀಚೆಗೆ ಲೆಕ್ಕ ಹಿಡಿದರೆ ಒಂದು ಮೀಟರೂ ಆಗದು. ಟಿವಿ ರಿಮೋಟಿನ ದೆಸೆಯಿಂದ ನಾವಿಬ್ಬರು ಒಂದೇ ಸಂಜೆ ಅದಕ್ಕಿಂತ ದೂರ ಸರಿದದ್ದುಂಟು.

ಆ ಫಲಕಗಳ ನಡುವಿನ ಬಿರುಕಿನಲ್ಲಿ ನೀರು ತುಂಬಿದ ಒಂದು ಸೀಳು ಸಿಲ್‌ಫ್ರಾ. ಅದರಲ್ಲಿ ತೇಲಬೇಕೆಂದು ಹಟ ಹಿಡಿದವಳು ನಾನು. ಹಿನ್ನೀರಿನಲ್ಲಿ ಈಜು ಕಲಿತವಳಿಗೆ ಏನು ಭಯ? ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಅದಕ್ಕೆ ಮೈಗೆ ಹನಿ ನೀರೂ ತಾಗದಂಥ ದಪ್ಪ ದಿರಿಸು. ಅದರ ಕೊರಳಪಟ್ಟಿಯೊಳಗೆ ಇವರ ತಲೆ ತೂರಿಸಲು ಇಬ್ಬರು ಹುಡುಗರು ಪಟ್ಟ ಪಾಡು, ಬಿಡಿಸಿದ ಹಲಸಿನ ತೊಳೆಗಳನ್ನು ಮತ್ತೆ ಸಿಪ್ಪೆಗೆ ತುಂಬಿದಂತಿತ್ತು. ಹಿಮನದಿ ಕರಗಿದ ನೀರು ಲಾವಾ ಕಲ್ಲಿನೊಳಗೆ ದಶಕಗಳ ಕಾಲ ಸೋಸಿಕೊಂಡು ಇಲ್ಲಿಗೆ ಬರುತ್ತದಂತೆ, ಹಾಗಾಗಿ ನೂರು ಮೀಟರಿನಾಚೆಗೂ ಕಣ್ಣು ಹಾಯುತ್ತದೆ. ನೀರೊಳಗಿನ ನೀಲಿ ಬಂಡೆಗಳನ್ನು ನೋಡುತ್ತ ಮೈಮರೆತೆ. ತುಟಿ ಮರಗಟ್ಟಿದ್ದೂ ತಿಳಿಯಲಿಲ್ಲ. ಪಕ್ಕದಲ್ಲಿ ಇವರು, ಬಾಯಲ್ಲಿ ಉಸಿರಾಟದ ಕೊಳವೆ. ಎದುರಿಗೆ ಇಷ್ಟು ನೀರಿದ್ದೂ ಮೆಗಾವ್ಯಾಟಿನ ಸುದ್ದಿ ಬಾರದ ಗಳಿಗೆ ನನ್ನ ಸಂಸಾರದಲ್ಲಿ ಅದೊಂದೇ.

ಬಾಕಿ ಉಳಿದದ್ದನ್ನು ಗುಲ್‌ಫಾಸ್ ಜಲಪಾತದ ಮುಂದೆ ಬಡ್ಡಿಸಮೇತ ತೀರಿಸಿದರು. ಹ್ವಿಟಾ ನದಿ ಎರಡು ಮೆಟ್ಟಿಲಲ್ಲಿ ಧುಮುಕಿ ನೆಲದ ಸೀಳೊಳಗೆ ಮಾಯವಾಗುತ್ತದೆ. “32 ಮೀಟರ್ ಇಳಿತ. ಬೇಸಿಗೆಯಲ್ಲಿ ಸೆಕೆಂಡಿಗೆ 140 ಘನ ಮೀಟರ್ ಅಂತೆ. ಹೆಚ್ಚೆಂದರೆ 40 ಮೆಗಾವ್ಯಾಟ್. ನಮ್ಮ ಶರಾವತಿ 1035! ಜೋಗ 253 ಮೀಟರ್! ಇದಕ್ಕೆ ಇಷ್ಟು ಜನವೇ?” ಮುಖದ ತುಂಬ ತುಂತುರು, ಕನ್ನಡಕ ಮಂಜು, ಆದರೂ ಲೆಕ್ಕ ಬಿಡಲಿಲ್ಲ.

“ರೀ, ಆ ಲೆಕ್ಕ ನಿಮಗಿಂತ ಮೊದಲೇ ಹಾಕಿದವರಿದ್ದಾರೆ” ಎಂದು ಪಕ್ಕದ ಕಲ್ಲನ್ನು ತೋರಿಸಿದೆ. ಅದರಲ್ಲಿ ಒಬ್ಬ ಹೆಂಗಸಿನ ಮುಖ ಕೆತ್ತಿದೆ: ಸಿಗ್ರಿದುರ್ ಟೋಮಸ್‌ಡೊಟಿರ್, ಹತ್ತಿರದ ಬ್ರಾಟ್‌ಹೋಲ್ಟ್ ಹೊಲಮನೆಯ ರೈತನ ಮಗಳು. 20ನೇ ಶತಮಾನದ ಮೊದಲಲ್ಲಿ ಹೊರದೇಶದ ಹಣವಂತರು ಜಲಪಾತವನ್ನು ಗುತ್ತಿಗೆ ಹಿಡಿದು ಕರೆಂಟು ತೆಗೆಯಲು ಹೊರಟಾಗ ಅಡ್ಡ ನಿಂತವಳು. ರೇಕ್ಯಾವಿಕ್‌ವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ನಡೆದೇ ಹೋಗುತ್ತಿದ್ದಳಂತೆ. ಅಣೆಕಟ್ಟು ಕಟ್ಟಿದರೆ ಇದರೊಳಗೇ ಹಾರುತ್ತೇನೆ ಎಂದೂ ಹೇಳಿದ್ದಳಂತೆ. ಅವಳ ವಕೀಲ ಸ್ವೇನ್ ಬ್ಯೋರ್ನ್‌ಸನ್ 1944ರಲ್ಲಿ ಆ ದೇಶದ ಮೊದಲ ಅಧ್ಯಕ್ಷರಾದರು. ಕೋರ್ಟಿನಲ್ಲಿ ಅವಳು ಗೆಲ್ಲಲಿಲ್ಲ. ಕೊನೆಗೆ ಗುತ್ತಿಗೆದಾರರು ಬಾಡಿಗೆ ಕಟ್ಟದೆ ಕರಾರು ಬಿದ್ದುಹೋಯಿತು, ಅಣೆಕಟ್ಟು ಏಳಲಿಲ್ಲ.

ಇವರು ಕನ್ನಡಕ ಒರೆಸಿಕೊಂಡು ಆ ಮುಖವನ್ನು ನೋಡಿದರು.

“ಇಂಥವಳೊಬ್ಬಳು ಆಗ ನಮ್ಮ ಸಾಗರದ ಕಡೆ ಹುಟ್ಟಿದ್ದರೆ?” ಎಂದೆ.

“ನನಗೆ ನೌಕರಿ ಸಿಗ್ತಿರಲಿಲ್ಲ.”

“ನನ್ನ ಅಜ್ಜನ ತೋಟ ಉಳೀತಿತ್ತು.”

“ತೋಟ ಉಳಿದಿದ್ದರೆ ನಿಮ್ಮ ಅಪ್ಪ ನೌಕರಿ ಇಲ್ಲದವನಿಗೆ ನಿನ್ನನ್ನು ಕೊಡ್ತಿದ್ದರಾ?”

ಲೆಕ್ಕದಲ್ಲಿ ಇವರನ್ನು ಸೋಲಿಸುವುದು ಕಷ್ಟ ಮಾರಾಯ್ರೇ.

ಗುಲ್‌ಫಾಸ್ ನೋಡಲು ಟಿಕೆಟ್ ಇಲ್ಲ. ಜೋಗದಂತೆ ಮಳೆಗಾಲ ಬರಲಿ, ಅಣೆಕಟ್ಟಿನ ಗೇಟು ತೆಗೆಯಲಿ ಎಂದು ಕಾಯಬೇಕಾಗಿಯೂ ಇಲ್ಲ, ವರ್ಷವಿಡೀ ಹರಿಯುತ್ತದೆ. ಹೋಗುವವರು ರೇನ್‌ಕೋಟ್ ಒಯ್ಯಿರಿ. ಛತ್ರಿ ಬೇಡ, ಅಲ್ಲಿಯ ಗಾಳಿ ಅದನ್ನು ನಿಮ್ಮ ಕೈಯಲ್ಲಿ ಉಳಿಸುವುದಿಲ್ಲ.