ನಾಯಿಕೆಮ್ಮಿಗೆ ಬಿಳಿ ಕುದುರೆ

ನೆಗಡಿ ಹಿಡಿದು ಮೂರು ದಿನದಿಂದ ಮೂಗೊರೆಸುತ್ತ ಕೂತವನಿಗೆ ಐರ್ಲೆಂಡಿನ ಮನೆಮದ್ದುಗಳ ಹುಚ್ಚು ಹತ್ತಿತು. 1937ರಿಂದ 1939ರವರೆಗೆ ಅಲ್ಲಿನ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಅಜ್ಜ ಅಜ್ಜಿಯರನ್ನು ಕಾಡಿ ಬೇಡಿ, ಊರಿನ ಕತೆ, ನಂಬಿಕೆ, ಮದ್ದುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಜಾನಪದ ಆಯೋಗ ಕೊಟ್ಟ ಹೋಂವರ್ಕು ಅದು. ಅಲ್ಲಿನ ಮದ್ದುಗಳನ್ನು ಓದುತ್ತ ನನಗೆ ಹೊಳೆದದ್ದು ಇಷ್ಟು: ನಮ್ಮಲ್ಲಿ ಕಾಯಿಲೆಗೆ ಪ್ರಾಣಿಯ ಹೆಸರು, ಅವರಲ್ಲಿ ಪ್ರಾಣಿಯೇ ಡಾಕ್ಟರು.

ನಾಯಿಕೆಮ್ಮು ಬಂತೆನ್ನಿ. ಬಿಳಿ ಕುದುರೆಯೇರಿ ಬರುವವನನ್ನು ದಾರಿಯಲ್ಲಿ ತಡೆದು ‘ಇದಕ್ಕೇನು ಮದ್ದು?’ ಎಂದು ಕೇಳಬೇಕು. ಅವನ ಬಾಯಿಗೆ ಬಂದದ್ದೇ ಮದ್ದು. ಪಾಪ, ಸಂತೆಗೆ ಹೊರಟವನು ನಿಂತಲ್ಲೇ ವೈದ್ಯನಾಗಬೇಕು! ಅಂಥ ಸವಾರ ಸಿಗದಿದ್ದರೆ ಮಗುವನ್ನು ಕತ್ತೆಯ ಹೊಟ್ಟೆಯಡಿ ಮೂರು ಸಲ ದಾಟಿಸಿದರೂ ಆದೀತು. ಮಂಗನಬಾವಿಗೂ ಕತ್ತೆಯೇ ಗತಿ. ಅದರ ಕಡಿವಾಣವನ್ನು ಮಗುವಿನ ತಲೆಗೆ ತೊಡಿಸಿ ಹಂದಿಗೂಡಿನವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ನರಹುಲಿಗೆ ಬಸವನಹುಳುವನ್ನು ತಿಕ್ಕಿ, ಹುಳುವನ್ನು ಮುಳ್ಳಿಗೆ ಚುಚ್ಚಿಡುವುದು; ಅದು ಒಣಗಿದಂತೆ ನರಹುಲಿಯೂ ಒಣಗುವುದಂತೆ. ಹುಲಿ ಮಾಡಿದ ತಪ್ಪಿಗೆ ಬಸವನಿಗೆ ಶಿಕ್ಷೆ!

ನಾವು ಕೈಗುಣ ಅನ್ನುತ್ತೇವಲ್ಲ, ಅದು ಅಲ್ಲಿ ಏಳನೆಯ ಮಗನ ಏಳನೆಯ ಮಗನಿಗೆ ಹುಟ್ಟಿನಿಂದಲೇ ಬರುತ್ತದೆ. ಅಂಥವರಿಗೆ ದುಡ್ಡು ಕೊಡಬಾರದು. ಎಷ್ಟೋ ಕಡೆ ಥ್ಯಾಂಕ್ಸ್ ಕೂಡ ಹೇಳಬಾರದು, ಹೇಳಿದರೆ ಮದ್ದು ಕೆಡುತ್ತದೆ. ಮೊನ್ನೆ ಫೀಸೂ ಕೊಟ್ಟು, ಕೈಮುಗಿದು ಥ್ಯಾಂಕ್ಸೂ ಹೇಳಿ ಬಂದಿದ್ದೆ. ನೆಗಡಿ ಯಾಕೆ ಬಿಟ್ಟಿಲ್ಲ ಎಂದು ಈಗ ತಿಳಿಯಿತು.

ಎಲ್ಲವೂ ತಮಾಷೆಯಲ್ಲ. ಕಡಲ ಬಂಡೆಯ ಕ್ಯಾರಗೀನ್ ಪಾಚಿಯನ್ನು ಹಾಲಿನಲ್ಲಿ ಕುದಿಸಿ ಕೆಮ್ಮಿಗೆ ಕುಡಿಯುವುದು ಯಾವ ಅಜ್ಜಿಯೂ ಒಪ್ಪುವ ಮಾತು. ನನ್ನನ್ನು ತೀರಾ ಬೆರಗುಗೊಳಿಸಿದ್ದು ಫರ್ಮನಾ ಕೌಂಟಿಯ ಬೋಹೊ ಎಂಬ ಊರಿನ ಚರ್ಚಿನಂಗಳದ ಮಣ್ಣು. ಅಲ್ಲಿ 1815ರಲ್ಲಿ ತೀರಿಕೊಂಡ ಪಾದ್ರಿ ಜೇಮ್ಸ್ ಮೆಗರ್, ತಾನು ವಾಸಿ ಮಾಡುತ್ತಿದ್ದುದನ್ನೆಲ್ಲ ತನ್ನನ್ನು ಮುಚ್ಚುವ ಮಣ್ಣೂ ವಾಸಿ ಮಾಡುತ್ತದೆ ಎಂದಿದ್ದರಂತೆ. ಜನ ಒಂದಿಷ್ಟು ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಒಯ್ದು ದಿಂಬಿನಡಿ ಇಟ್ಟುಕೊಂಡರು. 2018ರಲ್ಲಿ ಸ್ವಾನ್ಸಿ ವಿಶ್ವವಿದ್ಯಾಲಯದ ತಂಡಕ್ಕೆ ಆ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದ ಹೊಸ ತಳಿಯೊಂದು ಸಿಕ್ಕಿತು. ಆ್ಯಂಟಿಬಯಾಟಿಕ್‌ಗೂ ಬಗ್ಗದ ಎಂಆರ್‌ಎಸ್‌ಎ ರೋಗಾಣುವಿನ ಬೆಳವಣಿಗೆಯನ್ನು ಅದು ಪ್ರಯೋಗಾಲಯದಲ್ಲಿ ತಡೆಯಿತು. ದಿಂಬಿನಡಿಯೂ ಹಾಗೇ ಎಂದು ಯಾರೂ ಹೇಳಿಲ್ಲ, ಗಮನಿಸಿ.

ಅಂದಹಾಗೆ, ಒಯ್ದ ಮಣ್ಣನ್ನು ನಾಲ್ಕನೆಯ ದಿನ ಅಲ್ಲಿಗೇ ತಂದು ಹಾಕಬೇಕು.